ಹಸಿರು ನೆತ್ತಿಯ ಕಲ್ಲುಗಳು: ರಾಜ್ಯ ಹೆದ್ದಾರಿ 17ರ ದಾರಿ ಮತ್ತು ಚರಿತ್ರೆ



ಬೆಂಗಳೂರು–ಮೈಸೂರು ನಡುವೆ ಕೆಂಪು ಬಸ್ಸಿನಲ್ಲಿ ಓಡಾಡಿದ ತಲೆಮಾರಿಗೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳ ಬಣ್ಣ ಇನ್ನೂ ನೆನಪಿರಬೇಕು. ಮೈ ಬಿಳಿ, ನೆತ್ತಿ ಹಸಿರು. ನೆತ್ತಿ ಹಳದಿಯಾಗಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ರಾಜ್ಯದ ರಾಜಧಾನಿಯನ್ನೂ ಅರಸರ ಊರನ್ನೂ ಜೋಡಿಸುವ, ದಸರೆ ಬಂತೆಂದರೆ ಇರುವೆ ಸಾಲಿನಂತೆ ವಾಹನ ತುಂಬುವ ಈ ಸುಮಾರು 140 ಕಿಲೋಮೀಟರ್ ದಾರಿ ದಶಕಗಳ ಕಾಲ ಹಸಿರು ನೆತ್ತಿಯದ್ದೇ ಆಗಿತ್ತು. ಅದರ ಹೆಸರು ರಾಜ್ಯ ಹೆದ್ದಾರಿ 17. ದೆಹಲಿಯ ಲೆಕ್ಕದಲ್ಲಿ ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ರಸ್ತೆ ರಾಷ್ಟ್ರೀಯ, ಪುಣೆಗೆ ಹೋಗುವುದು ರಾಷ್ಟ್ರೀಯ. ಮೈಸೂರಿಗೆ ಹೋಗುವುದು ಮಾತ್ರ ಮನೆಯೊಳಗಿನ ವ್ಯವಹಾರ.

2014ರ ಹೊತ್ತಿಗೆ ಆ ಹೆಸರು ಹೋಯಿತು. ಬಂಟ್ವಾಳದಿಂದ ಪುತ್ತೂರು, ಸುಳ್ಯ, ಮಡಿಕೇರಿ, ಹುಣಸೂರು ಹಾದು ಮೈಸೂರು ತಲುಪಿ, ಅಲ್ಲಿಂದ ಬೆಂಗಳೂರಿಗೆ ಬರುವ ಇಡೀ ದಾರಿಗೆ ರಾಷ್ಟ್ರೀಯ ಹೆದ್ದಾರಿ 275 ಎಂಬ ಒಂದೇ ಸಂಖ್ಯೆ ಬಿತ್ತು. ಮೈಸೂರಿನ ಆಚೆ ಇದ್ದ ರಾಜ್ಯ ಹೆದ್ದಾರಿ 88 ಕೂಡ ಅದರೊಳಗೆ ಕರಗಿತು. ಹೆದ್ದಾರಿಯೊಂದನ್ನು ಹೀಗೆ ಇಲ್ಲವಾಗಿಸಲು ಗುದ್ದಲಿ ಬೇಕಾಗಿಲ್ಲ. 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯ 2ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಒಂದು ಅಧಿಸೂಚನೆ ಹೊರಡಿಸಿದರೆ ಸಾಕು. 4ನೇ ಕಲಂ ಪ್ರಕಾರ ಆ ರಸ್ತೆ ಕೇಂದ್ರಕ್ಕೆ ಸೇರುತ್ತದೆ. ಲೋಕೋಪಯೋಗಿ ಇಲಾಖೆಯ ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಾಗುತ್ತದೆ, ಬಣ್ಣ ಬಳಿಯುವವನು ಹಳದಿ ಡಬ್ಬ ಹಿಡಿದು ಬರುತ್ತಾನೆ. ಮದ್ದೂರಿನ ಹೋಟೆಲಿನವರಿಗಾಗಲಿ ಚನ್ನಪಟ್ಟಣದ ಬೊಂಬೆ ಅಂಗಡಿಯವರಿಗಾಗಲಿ ಅಂದು ಏನೂ ಬದಲಾಗಲಿಲ್ಲ.

ಬದಲಾದದ್ದು ಆಮೇಲೆ. ಈ ದಾರಿ ಇನ್ನೂರು ವರ್ಷ ಬದುಕಿದ್ದು ಜನ ಅದರ ಮೇಲೆ ನಿಲ್ಲುತ್ತಿದ್ದುದರಿಂದ. ಅದರ ಮೇಲಿನ ಊರುಗಳಲ್ಲಿ ಒಂದೆರಡು ನಿಲ್ಲುವವರಿಗಾಗಿಯೇ ಹುಟ್ಟಿದವು, ಉಳಿದವು ನಿಲ್ಲುವವರಿಂದ ಬೆಳೆದವು. ಸಂಖ್ಯೆ ಬದಲಾದಾಗ ಅಲ್ಲ, ನಿಲ್ಲುವುದು ತಪ್ಪಿದಾಗ ಹಳೆಯ ಹೆದ್ದಾರಿಯ ಕಾಲ ಮುಗಿಯಿತು ಎಂಬುದು ಈ ಉಪನ್ಯಾಸದ ವಾದ.

ಕತೆ ಶುರುವಾಗುವುದು ಹಾಳುಬಿದ್ದ ನಾಡಿನಲ್ಲಿ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೊರಟಾಗ ರಾಮಗಿರಿ, ಚನ್ನಪಟ್ಟಣದ ಮೇಲಿನ ಹೆದ್ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ಸುತ್ತುದಾರಿ ಹಿಡಿದ. ಕಾರಣ, ನೇರ ದಾರಿಯ ಇಕ್ಕೆಲದಲ್ಲಿ ಮೇವು, ಕಾಳು ಏನೂ ಶತ್ರುವಿಗೆ ಸಿಗದಂತೆ ಟಿಪ್ಪುವಿನ ಕಡೆಯವರು ಬಯಲು ಮಾಡಿಟ್ಟಿದ್ದರು. ರಾಮಗಿರಿ, ಶಿವನಗಿರಿಯ ಗಿರಿದುರ್ಗಗಳು ಬೇರೆ ನೆತ್ತಿಯ ಮೇಲಿದ್ದವು. ಒಂಬತ್ತು ವರ್ಷದ ಮೇಲೆ, ಟಿಪ್ಪು ಮಡಿದ ಮರುವರ್ಷ, ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಇದೇ ದಾರಿಯಲ್ಲಿ ಬಂದ. ಬೆಂಗಳೂರು, ಕೆಂಗೇರಿ, ಬಿಡದಿ, ರಾಮಗಿರಿ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಇವತ್ತು ಬಸ್ಸಿನ ನಿರ್ವಾಹಕರು ಕೂಗುವ ಹೆಸರುಗಳೇ, ಅದೇ ಸಾಲಿನಲ್ಲಿ. ಯುದ್ಧದಿಂದ ಜನ ಕಡಿಮೆಯಾದ ಹಳ್ಳಿಗಳನ್ನೂ ಪೊದೆ ಬೆಳೆದ ಹೊಲಗಳನ್ನೂ ಅವನು ಬರೆದಿಟ್ಟ. ಚನ್ನಪಟ್ಟಣದಲ್ಲಿ ಮಾತ್ರ ಅವನ ಕಣ್ಣು ಅರಳಿತು: ಅಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನು ವಾದ್ಯಗಳಿಗೆ ಕಟ್ಟಲು ಇಂಡಿಯಾದ ದೂರದ ಸೀಮೆಗಳಿಂದಲೂ ಕೇಳಿ ಒಯ್ಯುತ್ತಿದ್ದರಂತೆ. ಬೊಂಬೆಗೆ ಮುಂಚೆ ಆ ಊರು ವೀಣೆಯ ತಂತಿಗೆ ಹೆಸರಾಗಿತ್ತು ಎಂಬುದನ್ನು ಇಂದಿನ ಅಂಗಡಿ ಫಲಕಗಳಲ್ಲಿ ಯಾರಾದರೂ ಒಂದು ಸಾಲು ಬರೆಸಿದರೆ ಒಳ್ಳೆಯದು.

ಬುಕಾನನ್ ಬಂದ ಆ 1800ರ ಸುಮಾರಿನಲ್ಲೇ ರಾಮಗಿರಿಯ ಬುಡದಲ್ಲಿ ಒಂದು ಹೊಸ ಊರು ಎದ್ದಿತು. ಬಂಡೆ, ಕುರುಚಲು ಕಾಡು, ಕಳ್ಳಕಾಕರ ಭಯ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಅದೇ ಅಪಾಯದ ತುಂಡು. ದಾರಿಗೆ ಭದ್ರತೆ ಬೇಕೆಂದರೆ ಅಲ್ಲೊಂದು ಊರು ಕೂರಿಸಬೇಕು, ಸಂತೆ ಕಟ್ಟಿಸಬೇಕು, ದೀಪ ಉರಿಯಬೇಕು. ದಿವಾನ್ ಪೂರ್ಣಯ್ಯನವರ ಆಡಳಿತ ಅದನ್ನೇ ಮಾಡಿತು. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಊರು ಕ್ಲೋಸ್‌ಪೇಟೆಯಾಯಿತು. ಅದೇ ಇಂದಿನ ರಾಮನಗರ. ರಸ್ತೆಯನ್ನು ಕಾಯುವುದಕ್ಕೆಂದು ಹುಟ್ಟಿದ ಊರು ಮುಂದೆ ರೇಷ್ಮೆಗೂಡಿನ ಮಾರುಕಟ್ಟೆಯಾಗಿ, 2007ರಲ್ಲಿ ಜಿಲ್ಲಾ ಕೇಂದ್ರವಾಗಿ, 2025ರಲ್ಲಿ ಜಿಲ್ಲೆಯ ಹೆಸರೇ ‘ಬೆಂಗಳೂರು ದಕ್ಷಿಣ’ ಎಂದಾಗುವವರೆಗೆ ಬಂದಿದೆ. ಹಳೆಯ ಹೆಸರು ಊರಿನವರ ಬಾಯಲ್ಲಿ ಇಲ್ಲ. ಆದರೆ ಭೂವಿಜ್ಞಾನಿಗಳ ಬಾಯಲ್ಲಿ ಗಟ್ಟಿಯಾಗಿ ಕೂತಿದೆ. ರಾಜ್ಯದ ನಡುವೆ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿರುವ, 250 ಕೋಟಿ ವರ್ಷಗಳಷ್ಟು ಹಳೆಯ ಗುಲಾಬಿ–ಬೂದು ಶಿಲೆಯನ್ನು ಪ್ರಪಂಚದ ಪಠ್ಯಗಳಲ್ಲಿ ಈಗಲೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. 1970ರ ದಶಕದಲ್ಲಿ ಅದೇ ಬಂಡೆಗಳ ನಡುವೆ ‘ಶೋಲೆ’ ಚಿತ್ರತಂಡ ರಾಮಗಢ ಕಟ್ಟಿದಾಗ ಸೆಟ್ಟಿಗೆ ಸಾಮಾನು ಸಾಗಿಸಲು ಹೆದ್ದಾರಿಯಿಂದ ಒಂದು ರಸ್ತೆಯನ್ನೇ ಮಾಡಿಸಬೇಕಾಯಿತು. ಕಳ್ಳರನ್ನು ಓಡಿಸಲು ಕಟ್ಟಿದ ಊರಿಗೆ ಗಬ್ಬರ್ ಸಿಂಗ್ ಬಂದದ್ದು ಚರಿತ್ರೆಯ ಕುಚೇಷ್ಟೆ.

ಇನ್ನೊಂದು ತುದಿಯಲ್ಲಿ ಕಾವೇರಿ. ಶ್ರೀರಂಗಪಟ್ಟಣ ದ್ವೀಪ, ಎರಡೂ ಕಡೆ ಹೊಳೆ ದಾಟದೆ ಮೈಸೂರಿಲ್ಲ. 1804ರಲ್ಲಿ ಪೂರ್ಣಯ್ಯ ಮುಗಿಸಿದ ಸೇತುವೆಗೆ ವೆಲ್ಲೆಸ್ಲಿಯ ಹೆಸರಿಟ್ಟರು. ಅದರಲ್ಲಿ ಕಮಾನಿಲ್ಲ. ಕಲ್ಲಿನ ಕಂಬ, ಕಂಬದ ತಲೆಯ ಮೇಲೆ ಕಲ್ಲಿನ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ನಮ್ಮ ಗುಡಿಯ ಮಂಟಪ ಕಟ್ಟುವ ಬಗೆಯನ್ನೇ ಹೊಳೆಯೊಳಗೆ ಇಳಿಸಿದಂತಿದೆ. ಎಷ್ಟೋ ಪ್ರವಾಹಗಳನ್ನು ಮೈಮೇಲೆ ಹಾಯಿಸಿಕೊಂಡು ಈಗಲೂ ನಿಂತಿದೆ. ಹೆಸರು ಆಳರಸರದ್ದು, ಕೈ ನಮ್ಮ ಕಲ್ಲುಕುಟಿಗರದ್ದು.

1831ರಲ್ಲಿ ಕಂಪನಿ ಸರ್ಕಾರ ಮೈಸೂರಿನ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡು ಕಚೇರಿಗಳನ್ನು ಬೆಂಗಳೂರಿಗೆ ಸಾಗಿಸಿತು. ಅರಸರು ಮೈಸೂರಿನಲ್ಲಿ, ಅಧಿಕಾರ ಬೆಂಗಳೂರಿನಲ್ಲಿ. ಎರಡರ ನಡುವೆ ಕಾಗದ, ಖಜಾನೆ, ಅಧಿಕಾರಿಗಳು ಸದಾ ಓಡಾಡಬೇಕಾದ್ದರಿಂದ ರಸ್ತೆಗೆ ಹೊಸ ಮಹತ್ವ ಬಂತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ರಾಜ್ಯದಾದ್ಯಂತ ಸುಮಾರು 1,600 ಮೈಲಿ ರಸ್ತೆ ಆಯಿತು. ಗಾಡಿ ಎತ್ತುಗಳಿಗೆ ದಣಿವಾರಿಸಿಕೊಳ್ಳಲು ನೆರಳು, ನೀರು, ಅಧಿಕಾರಿಗಳಿಗೆ ಪ್ರವಾಸಿ ಬಂಗಲೆ. ನಕ್ಷೆ ಬಿಡಿಸಿ ನೋಡಿದರೆ ಊರುಗಳ ಅಂತರದಲ್ಲೇ ಆ ಲೆಕ್ಕ ಕಾಣುತ್ತದೆ. ಬೆಂಗಳೂರಿನಿಂದ ಬಿಡದಿ 30 ಕಿಲೋಮೀಟರ್ ಚಿಲ್ಲರೆ, ರಾಮನಗರ 50, ಚನ್ನಪಟ್ಟಣ 60, ಮದ್ದೂರು 80, ಮಂಡ್ಯ 100, ಶ್ರೀರಂಗಪಟ್ಟಣ 125ರ ಆಸುಪಾಸು. ಇದು ಎತ್ತಿನ ಕಾಲಿನ ಲೆಕ್ಕ. ಕಾರಿನವರಿಗೆ ಹತ್ತಿರ ಹತ್ತಿರವಾಗಿ ಕಾಣುವ ಊರುಗಳು ಗಾಡಿಯವನಿಗೆ ಸರಿಯಾದ ದೂರದಲ್ಲೇ ಇದ್ದವು.

1876–78ರ ಧಾತು ಈಶ್ವರ ಬರದ ನಂತರ, 1881–82ರಲ್ಲಿ ಬೆಂಗಳೂರು–ಮೈಸೂರು ಮೀಟರ್ ಗೇಜ್ ರೈಲು ಹಂತ ಹಂತವಾಗಿ ಓಡತೊಡಗಿತು. ಹೊಟ್ಟೆಗಿಲ್ಲದೆ ಬಂದ ಜನ ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊತ್ತು ಎಬ್ಬಿಸಿದ ಏರಿ ಅದು. ರೈಲು ಹೆದ್ದಾರಿಯ ಪಕ್ಕಪಕ್ಕವೇ ಸಾಗಿತು. ಅದೇ ಊರುಗಳು, ಅದೇ ನಿಲುಗಡೆಗಳು. ಸುಮಾರು ಅರ್ಧ ಶತಮಾನ ರಸ್ತೆ ರೈಲಿನ ತಮ್ಮನಾಗಿಯೇ ಉಳಿಯಿತು.

ಹೆದ್ದಾರಿಯ ಕೀರ್ತಿಪತಾಕೆಯಾದ ಮದ್ದೂರು ವಡೆ ಕೂಡ ಹುಟ್ಟಿನಿಂದ ರಸ್ತೆಯ ಮಗುವಲ್ಲ, ರೈಲಿನದ್ದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮದ್ದೂರು ರೈಲು ನಿಲ್ದಾಣದ ಉಪಾಹಾರ ಗೃಹದಲ್ಲಿ ಪಕೋಡಕ್ಕೆ ಕಲಸಿಟ್ಟ ಹಿಟ್ಟಿತ್ತಂತೆ, ರೈಲು ಬರುವ ಹೊತ್ತಾಯಿತಂತೆ, ಉಂಡೆ ಬೇಯಲು ತಡವಾಗುತ್ತದೆಂದು ತಟ್ಟಿ ಎಣ್ಣೆಗೆ ಬಿಟ್ಟರಂತೆ. ಕತೆಯಲ್ಲಿ ‘ಅಂತೆ’ಗಳು ಎಷ್ಟಾದರೂ ಇರಲಿ, ತಿಂಡಿಯ ರೂಪ ಅದನ್ನು ಸಮರ್ಥಿಸುತ್ತದೆ. ಉದ್ದಿನ ವಡೆಯ ಹಾಗೆ ನಡುವೆ ತೂತಿಲ್ಲ, ನೆನೆಹಾಕಿ ರುಬ್ಬುವ ರಗಳೆಯಿಲ್ಲ. ಅಕ್ಕಿಹಿಟ್ಟು, ರವೆ, ಮೈದಾ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು; ನೀರು ಕಡಿಮೆ, ಕಾದ ಎಣ್ಣೆ ಹಿಟ್ಟಿಗೆ ಸ್ವಲ್ಪ. ಅಂಗೈಯಲ್ಲಿ ತಟ್ಟಿದರೆ ಅಂಚು ಬಿರಿಯಬೇಕು. ಕರಿದದ್ದು ತಣ್ಣಗಾದರೂ ಮೆತ್ತಗಾಗದು. ಕಾಗದದಲ್ಲಿ ಸುತ್ತಿ ಕಿಟಕಿಯೊಳಗೆ ಕೊಡಬಹುದು. ನಿಂತ ಗಾಡಿಗೆ ಎರಡು ನಿಮಿಷದಲ್ಲಿ ಮಾರುವುದಕ್ಕೆ ಇದಕ್ಕಿಂತ ಒಗ್ಗುವ ತಿಂಡಿ ಇಲ್ಲ. ಬಸ್ಸು, ಕಾರು ಹೆಚ್ಚಿದಂತೆ ವಡೆ ರೈಲುಕಟ್ಟೆ ಇಳಿದು ಹೆದ್ದಾರಿಗೆ ಬಂತು, ಬಿಡದಿಯ ತಟ್ಟೆ ಇಡ್ಲಿ ಅದಕ್ಕೆ ಜೊತೆಯಾಯಿತು.

ಚನ್ನಪಟ್ಟಣದ ಬೊಂಬೆಯದ್ದೂ ಇಂಥದೇ ನಂಟು. ಹಾಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿ ಹಿಡಿದರೆ ಆಕಾರ ಬರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಉಜ್ಜಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ, ಕುಂಚವಿಲ್ಲ. ಕೊನೆಗೆ ತಾಳೆಗರಿಯ ತುಂಡು ಹಿಡಿದರೆ ಕನ್ನಡಿಯ ಹೊಳಪು. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ಮಾರಾಟದ ದೊಡ್ಡ ಪಾಲು ನಡೆಯುತ್ತಿದ್ದುದು ಮಕ್ಕಳನ್ನು ಕರೆದುಕೊಂಡು ಮೈಸೂರಿನಿಂದ ಮರಳುವ ಕುಟುಂಬಗಳು ಕಾರು ನಿಲ್ಲಿಸುತ್ತಿದ್ದ ರಸ್ತೆ ಬದಿಯ ಅಂಗಡಿಗಳಲ್ಲಿ. ಅಲ್ಲೇ ಹತ್ತಿರದಲ್ಲಿ ಕೆಂಗಲ್ ಆಂಜನೇಯನ ಗುಡಿ; ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಹೆಸರಿನೊಂದಿಗೆ ಹೆಣೆದುಕೊಂಡ ತಾಣ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ. ಹಳ್ಳಿಯ ನೇಗಿಲು, ಒರಳು, ತೊಗಲುಗೊಂಬೆಗಳನ್ನು ಪೇಟೆಯ ನಡುವೆ ಇಡದೆ ಹೆದ್ದಾರಿಯ ಬದಿಯಲ್ಲಿ ಇಟ್ಟದ್ದು ನಾಗೇಗೌಡರ ಜಾಣತನ. ಬಸ್ಸಿನವರೂ ಇಳಿಯಲಿ, ಕಾರಿನವರೂ ಇಳಿಯಲಿ.

ಮಂಡ್ಯ ಜಿಲ್ಲೆಗೆ ಬಂದರೆ ರಸ್ತೆಯ ಸ್ವಭಾವವೇ ಬೇರೆ. ಕನ್ನಂಬಾಡಿ ಅಣೆಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1930ರ ದಶಕದ ಮೈಸೂರು ಸಕ್ಕರೆ ಕಾರ್ಖಾನೆ, 1939ರಲ್ಲಿ ಹೊಸ ಜಿಲ್ಲೆ. ಇವೆಲ್ಲ ಸೇರಿ ಸಾಧಾರಣ ಊರನ್ನು ಕಬ್ಬಿನ ರಾಜಧಾನಿಯನ್ನಾಗಿಸಿದವು. ಕಬ್ಬು ಹೇರಿದ ಗಾಡಿ, ಟ್ರ್ಯಾಕ್ಟರುಗಳ ಹಿಂದೆ ತೆವಳಿದ ನೆನಪು ಇಲ್ಲದ ಪ್ರಯಾಣಿಕರಿಲ್ಲ. ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ, ನಿಷೇಧ ಮೀರಿ ಕಾಂಗ್ರೆಸ್ ಧ್ವಜ ಹಾರಿಸಿದ ಸತ್ಯಾಗ್ರಹ ನಡೆಯಿತು; ಅದರ ನೆನಪಿನ ಸೌಧ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಆಮೇಲಿನ ಕಾಲದಲ್ಲಿ ಈ ರಸ್ತೆಯೇ ಚಳವಳಿಯ ವೇದಿಕೆಯಾಯಿತು. ಕಾವೇರಿ ನೀರಿನ ತೀರ್ಪು ಬಂದಾಗಲೆಲ್ಲ ಮಂಡ್ಯ, ಮದ್ದೂರು, ಗೆಜ್ಜಲಗೆರೆಗಳಲ್ಲಿ ರೈತರು ರಸ್ತೆಗೆ ಅಡ್ಡ ಕೂತರು. ಎತ್ತು ಕಟ್ಟಿದರು, ಅಲ್ಲೇ ಅಡುಗೆ ಮಾಡಿ ಉಂಡರು. ಬೆಂಗಳೂರಿಗೆ ತಮ್ಮ ದನಿ ಮುಟ್ಟಬೇಕಾದರೆ ಬೆಂಗಳೂರಿನವರ ಗಾಡಿ ನಿಲ್ಲಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 2002ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ರೈತರನ್ನು ಒಲಿಸಲು ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆ ಹೊರಟದ್ದೂ ಇದೇ ರಸ್ತೆಯಲ್ಲಿ. ಸರ್ಕಾರ ತಾನೇ ಕಾಲ್ನಡಿಗೆಯಲ್ಲಿ ಬರಬೇಕಾದ ಹೆದ್ದಾರಿಗಳು ಹೆಚ್ಚಿಲ್ಲ.

ರಾಜ್ಯ ಹೆದ್ದಾರಿಯಾಗಿ ಅದರ ಮೆರುಗಿನ ಕಾಲ 2000ದ ದಶಕ. 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ ಅದನ್ನು ನಾಲ್ಕು ಪಥಕ್ಕೆ ಅಗಲಿಸಿತು. ನಡುವೆ ವಿಭಜಕ, ಎರಡೂ ಕಡೆ ನುಣುಪಾದ ಡಾಂಬರು. ಸಾಲುಮರಗಳು ಹೋದವು, ಹುಣಸೆ, ಆಲ, ಗೋಣಿಗಳ ಚಪ್ಪರದಡಿ ಸಾಗಿದವರು ಅದನ್ನು ಈಗಲೂ ಕ್ಷಮಿಸಿಲ್ಲ. ಆದರೆ ಊರುಗಳು ರಸ್ತೆಯ ಮೇಲೇ ಉಳಿದವು, ವೇಗತಡೆ ಉಬ್ಬುಗಳೂ ಉಳಿದವು. ಇದೇ ಹೊತ್ತಿಗೆ ಕಾಗದದ ಮೇಲೆ ಇನ್ನೊಂದು ಮೈಸೂರು ರಸ್ತೆ ಇತ್ತು. 1997ರ ಏಪ್ರಿಲ್‌ನಲ್ಲಿ ಒಪ್ಪಂದವಾದ ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್. ಅದರಲ್ಲಿ ಬೆಂಗಳೂರಿನ ಸುತ್ತಲಿನ ಭಾಗ ನೈಸ್ ರಸ್ತೆಯಾಯಿತು. ಮೈಸೂರು ಮುಟ್ಟುವ ಭಾಗ ವ್ಯಾಜ್ಯಗಳಲ್ಲೇ ಸಿಕ್ಕಿಕೊಂಡಿತು. ಆ ದಾರಿ ಆಗಿದ್ದರೆ ಬಹುಶಃ ಹಸಿರು ನೆತ್ತಿಯ ಕಲ್ಲುಗಳು ಇಂದಿಗೂ ಇರುತ್ತಿದ್ದವು.

ಆಗಲಿಲ್ಲ. ಹಾಗಾಗಿ ಭಾರವೆಲ್ಲ ಹಳೆಯ ರಸ್ತೆಯ ಮೇಲೆ ಬಿತ್ತು. ರಾಷ್ಟ್ರೀಯ ಹೆದ್ದಾರಿ 275 ಎಂದಾದ ಮೇಲೆ ಬೆಂಗಳೂರಿನಿಂದ ನಿಡಘಟ್ಟ, ನಿಡಘಟ್ಟದಿಂದ ಮೈಸೂರು ಎಂದು ಎರಡು ಭಾಗವಾಗಿ ಕಾಮಗಾರಿ ಹಂಚಿದರು. ನಡುವೆ ಆರು ಪಥ, ಎರಡು ಬದಿಗೆ ಎರಡೆರಡು ಪಥದ ಸೇವಾ ರಸ್ತೆ, ಒಟ್ಟು 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೊಸ ರಸ್ತೆಯೇ ಕೆರೆಯಾಗಿ ಕಾರು, ಬಸ್ಸುಗಳು ನೀರಿನಲ್ಲಿ ನಿಂತವು. ಕೆರೆ ಕೋಡಿ ಹರಿಯುವ ಜಾಡು ಹಳೆಯ ರಸ್ತೆ ಕಟ್ಟಿದವರಿಗೆ ಗೊತ್ತಿದ್ದಷ್ಟು ಹೊಸಬರಿಗೆ ಗೊತ್ತಿರಲಿಲ್ಲ ಎಂದು ಊರವರು ಆಡಿಕೊಂಡರೆ ತಪ್ಪೇನಿಲ್ಲ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಹೊಸ ರಸ್ತೆಯನ್ನು ಉದ್ಘಾಟಿಸಿದರು. ರೈತರು ರಸ್ತೆ ತಡೆಯುತ್ತಿದ್ದ ಅದೇ ಗೆಜ್ಜಲಗೆರೆ! ಯಾರ ಕಾಲದ ಯೋಜನೆ, ಯಾರ ಹೆಸರಿಡಬೇಕು ಎಂಬ ಜಗಳ ಕೆಲವು ತಿಂಗಳು ನಡೆಯಿತು. ಅದೇ ತಿಂಗಳು ಟೋಲ್ ಶುರುವಾಯಿತು. ಅಪಘಾತಗಳು ಹೆಚ್ಚಿದ್ದರಿಂದ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತಿತು. ಕಬ್ಬಿನ ಟ್ರ್ಯಾಕ್ಟರು ಮೊದಲ ಬಾರಿಗೆ ಮೈಸೂರು ರಸ್ತೆಯಿಂದ ಬದಿಗೆ ಸರಿಯಿತು.

ಹಳೆಯ ಹೆದ್ದಾರಿ ಎಲ್ಲಿ ಹೋಯಿತು? ಬಯಲಿನಲ್ಲಿ ಅದು ಹೊಸ ರಸ್ತೆಯ ಹೊಟ್ಟೆ ಸೇರಿತು, ಹುಡುಕಿದರೂ ಸಿಗುವುದಿಲ್ಲ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಲ್ಲಿ ಮಾತ್ರ ಹೊಸ ರಸ್ತೆ ಊರನ್ನು ಬಳಸಿಯೋ ನೆಗೆದೋ ಹೋಗುವುದರಿಂದ ಹಳೆಯದು ಐದು ತುಂಡಾಗಿ ಬದುಕಿಕೊಂಡಿದೆ. ಬೈಪಾಸುಗಳ ಉದ್ದ ಕೂಡಿಸಿದರೆ ಐವತ್ತು ಕಿಲೋಮೀಟರ್ ಸುಮಾರು. ರಾಮನಗರ–ಚನ್ನಪಟ್ಟಣದ ತುಂಡು ಒಂದೇ ಇಪ್ಪತ್ತು ದಾಟುತ್ತದೆ. ಮದ್ದೂರಿನಲ್ಲಿ ಹೊಸ ರಸ್ತೆ ಕಂಬಗಳ ಮೇಲೆ ಹಾಯುತ್ತದೆ; ಕೆಳಗೆ ವಡೆ ಬಾಣಲೆ, ಮೇಲೆ ನೂರು ಕಿಲೋಮೀಟರ್ ವೇಗ.

ಈ ತುಂಡುಗಳಲ್ಲಿ ನಡೆದದ್ದನ್ನು ಅಂಗಡಿಯವರು ಬಾಯಿಬಿಟ್ಟು ಹೇಳಿದ್ದಾರೆ, ಪತ್ರಿಕೆಗಳಲ್ಲಿ ಬಂದಿದೆ: ಬೊಂಬೆ ವ್ಯಾಪಾರ ಇಳಿಯಿತು, ಹೋಟೆಲುಗಳು ಆಳು ಕಡಿಮೆ ಮಾಡಿದವು, ಕೆಲವು ಬಾಗಿಲು ಹಾಕಿದವು. ಇದು ಒಂದು ಮಗ್ಗುಲು. ಇನ್ನೊಂದನ್ನು ಹೇಳದಿದ್ದರೆ ಅನ್ಯಾಯ. ಮಂಡ್ಯದ ಪೇಟೆಬೀದಿಯಲ್ಲಿ ರಾತ್ರಿಯಿಡೀ ಲಾರಿ ಸದ್ದಿಲ್ಲ. ರಾಮನಗರದಲ್ಲಿ ರೇಷ್ಮೆಗೂಡಿನ ಚೀಲ ಹೇರಿಕೊಂಡ ಬೈಕಿನವನು ವೋಲ್ವೊ ಬಸ್ಸಿಗೆ ಹೆದರಬೇಕಿಲ್ಲ. ರಸ್ತೆ ದಾಟಲು ಕೈಹಿಡಿದು ಕಾಯುತ್ತಿದ್ದ ಶಾಲೆ ಮಕ್ಕಳಿಗೆ ರಸ್ತೆ ಮರಳಿ ಸಿಕ್ಕಿದೆ. ಗಿರಾಕಿ ಹೋದದ್ದು ನಷ್ಟ, ಲಾರಿ ಹೋದದ್ದು ಲಾಭ. ಎರಡನ್ನೂ ಅನುಭವಿಸುತ್ತಿರುವವರು ಅದೇ ಊರಿನವರು, ಎಷ್ಟೋ ಸಲ ಅದೇ ಮನೆಯವರು.

ಬೈಪಾಸಾದ ಮೇಲೆ ಊರೊಳಗಿನ ಹಳೆಯ ತುಂಡನ್ನು ಒಮ್ಮೆ ದುರಸ್ತಿ ಮಾಡಿಸಿ ರಾಜ್ಯಕ್ಕೆ ಒಪ್ಪಿಸುವುದು ಹೆದ್ದಾರಿ ಇಲಾಖೆಯ ವಾಡಿಕೆ. ಆಮೇಲೆ ಗುಂಡಿ ಮುಚ್ಚುವವರು ಯಾರು, ದೀಪದ ಬಿಲ್ಲು ಕಟ್ಟುವವರು ಯಾರು, ಉಳಿದ ಒಂದೆರಡು ಹಳೆಯ ಹುಣಸೆಮರ ಯಾರ ಆಸ್ತಿ ಎಂಬ ಪ್ರಶ್ನೆಗಳು ಲೋಕೋಪಯೋಗಿ ಇಲಾಖೆ ಮತ್ತು ನಗರಸಭೆಗಳ ನಡುವೆ ಓಡಾಡುತ್ತವೆ. ಹಳೆಯದನ್ನು ಉಳಿಸಲು ಮನಸ್ಸು ಮಾಡಿದರೆ ಸಾಧ್ಯ: ಶ್ರೀರಂಗಪಟ್ಟಣದಲ್ಲಿ ರೈಲಿನ ಜೋಡಿ ಹಳಿಗೆ ಜಾಗ ಬೇಕಾದಾಗ 2017ರಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಂದು ಇಟ್ಟಿಗೆ ಕೀಳದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಜರುಗಿಸಿದರು. ಅಷ್ಟು ಶ್ರಮ ರಸ್ತೆಗೆ ಬೇಕಿಲ್ಲ. ಈ ಐದು ತುಂಡುಗಳಿಗೆ ಒಂದು ಹೊಸ ಸಂಖ್ಯೆ ಕೊಟ್ಟು, ಅವುಗಳ ಮೇಲಿರುವ ಹಳೆಯ ಸೇತುವೆ, ಮೋರಿ, ಪ್ರವಾಸಿ ಬಂಗಲೆ, ಮರ, ಮೈಲಿಗಲ್ಲುಗಳನ್ನು ಊರುವಾರು ಒಂದು ದಫ್ತರಿನಲ್ಲಿ ಬರೆಸಿದರೆ ಸಾಕು. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಒಂದು ಬೇಸಿಗೆಯಲ್ಲಿ ಮುಗಿಸುವ ಕೆಲಸ. ಬೆಂಗಳೂರು ಈಗಾಗಲೇ ಬಿಡದಿಯ ಕಡೆ ಬೆಳೆಯುತ್ತಿದೆ, ಮೆಟ್ರೊ 2023ರಲ್ಲೇ ಚಲ್ಲಘಟ್ಟ ಮುಟ್ಟಿದೆ. ಮುಂದಿನ ಅಗಲೀಕರಣದ ನಕ್ಷೆಗಳು ಸಿದ್ಧವಾಗುವ ಮೊದಲು, ಬಿಡದಿಯಿಂದಲೇ ಆ ಪಟ್ಟಿ ಶುರುವಾಗಬೇಕು.